ನಿದ್ದೆಗಳ್ಳರು

ಅಪಸ್ಮಾರವುಳ್ಳವರ ಹಿತಚಿಂತಕರಿಗೆ ನಮ್ಮಲ್ಲಿ ಬರವಿಲ್ಲ. ಬಿದ್ದೊಡನೆ ಕೈಗೆ ಕಬ್ಬಿಣ ಕೊಡುವವರು, ಈರುಳ್ಳಿ ಮೂಸಿಸುವವರು, ಬೀಗದಕೈ ಗೊಂಚಲು ಹುಡುಕುವವರು ಎಲ್ಲರೂ ಓಡಿಬರುತ್ತಾರೆ. ಪಕ್ಕಕ್ಕೆ ಹೊರಳಿಸಿ ಮಲಗಿಸುವುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡುತ್ತಾರೆ. ಈ ಗಲಾಟೆ ಮುಗಿದ ಮೇಲೆ, ಆ ಜೀವ ರಾತ್ರಿ ನಿದ್ದೆ ಮಾಡಿತ್ತೇ ಎಂದು ಕೇಳುವವರು ಮಾತ್ರ ಅಪರೂಪ. ಕೇಳದವರ ಪಂಕ್ತಿಯಲ್ಲಿ ನಾನೂ ಇದ್ದೆನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ತರಗತಿಯ ಹುಡುಗಿಯೊಬ್ಬಳು ಬೆಳಗಿನ ಮೊದಲನೆಯ ಪೀರಿಯಡ್ಡಿನಲ್ಲೇ ತೂಕಡಿಸುತ್ತಿದ್ದಳು. “ಹಳಗನ್ನಡವೆಂದರೆ ನಿನಗೆ ಜೋಗುಳವೇನಮ್ಮಾ?” ಎಂದೆ. ತರಗತಿ ನಕ್ಕಿತು, ನಾನೂ ನಕ್ಕೆ. ಆಕೆಯ ತಾಯಿ ಬಂದು ಹೇಳಿದ ಮೇಲೆ ತಿಳಿಯಿತು: ಹುಡುಗಿಗೆ ಅಪಸ್ಮಾರ. ಔಷಧದ ಮಂಪರು ಒಂದು ಕಡೆ. ರಾತ್ರಿ ಎಲ್ಲಿ ಬಂದುಬಿಡುವುದೋ ಎಂಬ ದಿಗಿಲು ಇನ್ನೊಂದು ಕಡೆ. ಸಾಲದ್ದಕ್ಕೆ, ಪರೀಕ್ಷೆ ಹತ್ತಿರ ಬಂತೆಂದು ನಾಲ್ಕು ಗಂಟೆಗೇ ಎಬ್ಬಿಸಿ ಓದಲು ಕೂರಿಸುತ್ತಿದ್ದರು. ಕಾಫಿ ಲೋಟ ಕೈಯಿಂದ ಎಗರಿ ಬಿದ್ದರೆ ಬೈಗುಳ. ಎದ್ದ ಸ್ವಲ್ಪ ಹೊತ್ತಿನಲ್ಲೇ ಕೈ ಹಾಗೆ ಫಕ್ಕನೆ ಅದುರುವುದು ಹರೆಯದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಅಪಸ್ಮಾರದ ಲಕ್ಷಣವೆಂದೂ, ನಿದ್ದೆಗೆಟ್ಟರೆ ಅದು ಹೆಚ್ಚುವುದೆಂದೂ ವೈದ್ಯರೇ ತಿಳಿಸಿ ಹೇಳಬೇಕಾಯಿತು.

“ನಾವೂ ನಿದ್ದೆಗೆಟ್ಟು ಓದಿದವರೇ. ನಮಗೇನು ಮೂರ್ಛೆ ಬಂತೆ?” ಎಂದು ಹಿರಿಯರು ಕೇಳುವುದುಂಟು. ಬರಲಿಲ್ಲ, ನಿಜ. ಆದರೆ ಮಿದುಳಿನಲ್ಲಿ ಆ ಪ್ರವೃತ್ತಿಯಿದ್ದವರಿಗೆ ನಿದ್ರಾಭಂಗವು ಬಲವಾದ ಪ್ರಚೋದನೆ. ಮಿದುಳಿನ ವಿದ್ಯುತ್ತಿನ ಅಲೆಗಳನ್ನು ದಾಖಲಿಸುವ ಇ.ಇ.ಜಿ. ಪರೀಕ್ಷೆಗೆ ಮುನ್ನ, ಅಡಗಿರುವ ದೋಷ ಹೊರಬೀಳಲೆಂದೇ, ವೈದ್ಯರು ಎಷ್ಟೋ ಸಲ ರೋಗಿಗೆ ಹಿಂದಿನ ರಾತ್ರಿ ನಿದ್ದೆ ಕಡಿಮೆ ಮಾಡಿ ಬರಲು ಹೇಳುತ್ತಾರೆ. ಅವರು ಒಂದು ರಾತ್ರಿ ತಿಳಿದು ಮಾಡಿಸುವುದನ್ನು ನಾವು ಮನೆಯಲ್ಲಿ ತಿಂಗಳುಗಟ್ಟಲೆ ತಿಳಿಯದೆ ಮಾಡಿಸುತ್ತೇವೆ; ಅದಕ್ಕೆ ಶಿಸ್ತು ಎಂದು ಹೆಸರಿಡುತ್ತೇವೆ!

ನಿದ್ದೆಯ ಹಿಂದೆಯೇ ಮನಸ್ಸೂ ಕೆಡುತ್ತದೆ. ಮೂರ್ಛೆಯ ಭಯದಿಂದ ನಿದ್ದೆಯಿಲ್ಲ. ನಿದ್ದೆಯಿಲ್ಲದ್ದರಿಂದ ಮತ್ತೆ ಮೂರ್ಛೆ. ಎರಡರ ನಡುವೆ ಮನಸ್ಸು ಗಾಣದೆತ್ತು. ಖಿನ್ನತೆಯೂ ಆತಂಕವೂ ಈ ರೋಗಿಗಳಲ್ಲಿ ಇತರರಿಗಿಂತ ಹೆಚ್ಚು. ಕೆಲವು ಸಲ ಔಷಧವೇ ಮನಸ್ಸನ್ನು ಕುಗ್ಗಿಸುವುದೂ ಉಂಟು. ಔಷಧವನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ. ಆದರೆ ವೈದ್ಯರಿಗೆ ಹೇಳಿದರೆ ಅವರು ಬದಲಿಸಬಲ್ಲರು, ಮನಸ್ಸಿಗೂ ಚಿಕಿತ್ಸೆಯುಂಟು. ಹೇಳುವವರು ಯಾರು? “ಎಷ್ಟು ಸಲ ಬಂತು?” ಎಂಬ ಲೆಕ್ಕವೊಂದೇ ಎಲ್ಲರಿಗೂ ಬೇಕು.

ಆ ಲೆಕ್ಕವನ್ನೂ ಗುಟ್ಟಾಗಿಡುತ್ತಾರೆ, ಹುಡುಗಿಯ ಮದುವೆಯಾಗಬೇಕಲ್ಲ! ಮದುವೆಗೆ ಅಡ್ಡಿಯಾಗುವ ಕಾರಣಗಳ ಪಟ್ಟಿಯಿಂದ ಅಪಸ್ಮಾರವನ್ನು ಹಿಂದೂ ವಿವಾಹ ಕಾಯಿದೆಯ 1999ರ ತಿದ್ದುಪಡಿ ತೆಗೆದುಹಾಕಿತು. ನಮ್ಮ ಹಜಾರಗಳಲ್ಲಿ ಆ ತಿದ್ದುಪಡಿ ಇನ್ನೂ ಜಾರಿಗೆ ಬಂದಿಲ್ಲ. ಬಾಯಿ ಬಿಡಬೇಡವೆಂದು ದಿನವೆಲ್ಲ ಹೆದರಿಸಿದ ಮಗುವಿಗೆ ರಾತ್ರಿ ನೆಮ್ಮದಿಯಾಗಿ ಮಲಗೆಂದರೆ ಹೇಗೆ ಮಲಗೀತು?

ದೊಡ್ಡ ಯೋಜನೆಯೇನೂ ಬೇಡ. ಹೊತ್ತಿಗೆ ಸರಿಯಾಗಿ ದೀಪ ಆರಿಸೋಣ. ಬೆಳಿಗ್ಗೆ “ನಿದ್ದೆ ಬಂತೇನಮ್ಮಾ? ಮನಸ್ಸು ಹೇಗಿದೆ?” ಎಂದು ಕೇಳೋಣ, ಉತ್ತರವನ್ನು ವೈದ್ಯರಿಗೆ ಮುಟ್ಟಿಸೋಣ.

ಆ ಹುಡುಗಿ ಈಗ ಮೊದಲನೆಯ ಪೀರಿಯಡ್ಡಿಗೆ ತಡವಾಗಿ ಬರುತ್ತಾಳೆ. ನಾನು ಹಾಜರಿ ಹಾಕುತ್ತೇನೆ. ಇದು ನಿಯಮಕ್ಕೆ ವಿರುದ್ಧವೆಂದು ತೋರುವವರು ದಯಮಾಡಿ ನಿಯಮವನ್ನು ತಿದ್ದಲಿ.