ದತ್ತಾಂಶ ತುಂಬಿದೆ, ವರದಿ ಬರೆಯಬಲ್ಲವರೆಲ್ಲಿ?

ಸಾಲಕ್ಕೆಂದು ಪಹಣಿ ಹಿಡಿದು ಬ್ಯಾಂಕಿಗೆ ಹೋಗುವ ರೈತ ಅದನ್ನು ವರದಿ ಎಂದು ಕರೆಯುವುದಿಲ್ಲ. ಆದರೂ ಅದು ಡೇಟಾಬೇಸ್‌ನಿಂದ ಹೊರಬಂದ ಅಪ್ಪಟ ವರದಿಯೇ. ‘ಭೂಮಿ’ ಯೋಜನೆಯಡಿ 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಭೂದಾಖಲೆಗಳು ಗಣಕಕ್ಕೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪ್ರತಿ ಸಿಗತೊಡಗಿತು. ಮಾಲೀಕರ ಹೆಸರು 9ನೇ ಕಾಲಂನಲ್ಲಿ, ಋಣಭಾರ 11ನೇ ಕಾಲಂನಲ್ಲಿ. ಯಾವ ಕಾಲಂ ಏನು ಹೇಳುತ್ತದೆ ಎಂಬುದು ಕಂಪ್ಯೂಟರ್ ಬರುವ ಮುಂಚೆಯೇ ಕಂದಾಯ ನಿಯಮಗಳಲ್ಲಿ ತೀರ್ಮಾನವಾಗಿತ್ತು. ತಂತ್ರಾಂಶ ಬರೆದವರು ಆ ನಮೂನೆಗೆ ಒಗ್ಗಿಕೊಂಡರು. ಹೀಗಾಗಿಯೇ ಪಹಣಿಯ ಒಳಗಿನ ವಿವರ ತಪ್ಪಾಗಿದ್ದರೂ ಹಾಳೆಯನ್ನು ಹೇಗೆ ಓದಬೇಕು ಎಂಬ ಗೊಂದಲ ಯಾರಿಗೂ ಇಲ್ಲ.

ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯ ಹಿಂದಿನ ಸಂಜೆ ಗಡಿಬಿಡಿಯಲ್ಲಿ ಸಿದ್ಧವಾಗುವ ವರದಿಗಳಿಗೆ ಈ ಭಾಗ್ಯವಿಲ್ಲ. ಎಷ್ಟು ಅರ್ಜಿ ಬಾಕಿ, ಎಷ್ಟು ಮಂದಿಗೆ ಪರಿಹಾರ, ಎಷ್ಟು ಎಕರೆ ಬೆಳೆಹಾನಿ ಎಂಬ ಪ್ರಶ್ನೆಗಳು ದಿನಕ್ಕೊಂದು ರೂಪ ತಾಳುತ್ತವೆ. ಉತ್ತರ ಹೊರಬರುವುದು ಡೇಟಾಬೇಸ್‌ನಿಂದಲೇ. ಆದರೆ ಅದನ್ನು ಹೊರತೆಗೆಯುವ ಹೊರಗುತ್ತಿಗೆ ಹುಡುಗನಿಗೆ ಕಂದಾಯದ ಒಳಸುಳಿ ಗೊತ್ತಿರುವುದಿಲ್ಲ, ಕಂದಾಯ ಬಲ್ಲ ಕೇಸ್‌ವರ್ಕರ್‌ಗೆ ಡೇಟಾಬೇಸ್ ಗೊತ್ತಿರುವುದಿಲ್ಲ. ಕಳೆದ ಎರಡು ದಶಕಗಳಲ್ಲಿ ದತ್ತಾಂಶ ಸಂಗ್ರಹಕ್ಕೆ ನಾವು ಹಾಕಿದ ಶ್ರಮದ ಒಂದು ಪಾಲನ್ನೂ ಅದರಿಂದ ವರದಿ ಬರೆಯುವ ವಿದ್ಯೆಗೆ ಹಾಕಲಿಲ್ಲ. ಅದನ್ನು ವಿಷಯ ಬಲ್ಲವರಿಗೇ ಕಲಿಸಬೇಕು ಎಂಬುದು ಈ ಲೇಖನದ ವಾದ.

ತಪ್ಪು ಎಷ್ಟು ಸುಲಭವಾಗಿ ನುಸುಳುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಒಂದು ಸರ್ವೆ ನಂಬರು, ವಿಸ್ತೀರ್ಣ 4 ಎಕರೆ. ಜಂಟಿ ಮಾಲೀಕರು ಇಬ್ಬರು, ಜಮೀನಿನ ಮೇಲೆ ಮೂರು ಸಾಲ. ಜಮೀನು, ಮಾಲೀಕರು, ಸಾಲ ಇವು ಮೂರು ಬೇರೆ ಬೇರೆ ಟೇಬಲ್‌ಗಳಲ್ಲಿರುತ್ತವೆ. ಮೂರನ್ನೂ ಸರ್ವೆ ನಂಬರಿನ ಆಧಾರದಲ್ಲಿ ಜೋಡಿಸಿದರೆ, ಅಂದರೆ ‘ಜಾಯಿನ್’ ಮಾಡಿದರೆ, ಪ್ರತಿ ಮಾಲೀಕನಿಗೆ ಪ್ರತಿ ಸಾಲವೂ ಸೇರಿ ಆರು ಸಾಲುಗಳಾಗುತ್ತವೆ. ಪ್ರತಿ ಸಾಲಿನಲ್ಲೂ ಮರುಕಳಿಸಿದ ವಿಸ್ತೀರ್ಣದ ಕಾಲಂ ಕೂಡಿದರೆ 4 ಎಕರೆ ಹೋಗಿ 24 ಎಕರೆಯಾಗುತ್ತದೆ. ಕಂಪ್ಯೂಟರ್ ದೋಷ ತೋರಿಸುವುದಿಲ್ಲ. ಕೇಳಿದ್ದನ್ನು ಅದು ಸರಿಯಾಗಿಯೇ ಕೊಟ್ಟಿದೆ. ಒಂದು ಹೋಬಳಿಯ ಮಟ್ಟದಲ್ಲಿ ಇಂಥ ನೂರಾರು ಸರ್ವೆ ನಂಬರುಗಳು ಬೆರೆತಾಗ ಒಟ್ಟು ಮೊತ್ತ ಎಲ್ಲಿ ಉಬ್ಬಿತು ಎಂದು ಹುಡುಕುವುದೂ ಕಷ್ಟ.

ಇದರ ತದ್ವಿರುದ್ಧದ ತಪ್ಪೂ ಇದೆ. ಹೋಬಳಿಯಲ್ಲಿ 30 ಹಳ್ಳಿ, ಅರ್ಜಿ ಬಂದಿರುವುದು 26ರಿಂದ. ಹಳ್ಳಿಗಳ ಟೇಬಲ್ಲನ್ನು ಅರ್ಜಿಗಳ ಟೇಬಲ್ಲಿಗೆ ಸಾಮಾನ್ಯ ರೀತಿಯಲ್ಲಿ ಜೋಡಿಸಿದರೆ ಎರಡೂ ಕಡೆ ಇರುವುದು ಮಾತ್ರ ಉಳಿಯುತ್ತದೆ. ಒಂದೂ ಅರ್ಜಿ ಬಾರದ ನಾಲ್ಕು ಹಳ್ಳಿಗಳು ಸೊನ್ನೆಯಾಗಿಯೂ ಕಾಣುವುದಿಲ್ಲ, ಪಟ್ಟಿಯಿಂದಲೇ ಮಾಯವಾಗುತ್ತವೆ. ಸೌಲಭ್ಯದ ಸುದ್ದಿಯೇ ತಲುಪದ ಊರುಗಳು ಯಾವುವು ಎಂದು ಅಧಿಕಾರಿಗೆ ತಿಳಿಯಬೇಕಿದ್ದರೆ ಆ ನಾಲ್ಕೇ ಮುಖ್ಯ. ವರದಿಯಲ್ಲಿ ಇರುವುದು ಉಳಿದ 26.

ಸರಾಸರಿಯ ಕಥೆ ಇನ್ನೂ ನಾಜೂಕು. ಸಕಾಲ ಕಾಯ್ದೆ 2012ರಲ್ಲಿ ಜಾರಿಗೆ ಬಂದ ಮೇಲೆ ಅರ್ಜಿ ವಿಲೇವಾರಿಗೆ ಗಡುವು ಬಂತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕೂ ಬಂತು. ಕಾಲವನ್ನು ಅಳೆಯುವುದೇ ಇಂಥ ಕಾಯ್ದೆಯ ಜೀವಾಳ. ಈಗ ಒಂದು ಕಚೇರಿಗೆ 10 ಅರ್ಜಿ ಬಂದಿವೆ ಎಂದುಕೊಳ್ಳಿ. ಆರು ಅರ್ಜಿ ತಲಾ ಐದು ದಿನದಲ್ಲಿ ಮುಗಿದಿವೆ, ನಾಲ್ಕು 60 ದಿನದಿಂದ ಕೊಳೆಯುತ್ತಿವೆ. ಬಾಕಿ ಅರ್ಜಿಗಳಿಗೆ ವಿಲೇವಾರಿ ದಿನಾಂಕ ಇರುವುದಿಲ್ಲ. ಖಾಲಿ ಇರುವುದನ್ನು ಡೇಟಾಬೇಸ್ ಸರಾಸರಿಗೆ ಸೇರಿಸಿಕೊಳ್ಳುವುದಿಲ್ಲ. ಹೀಗಾಗಿ ‘ಸರಾಸರಿ ವಿಲೇವಾರಿ ಅವಧಿ ಐದು ದಿನ’ ಎಂದು ವರದಿ ಬರುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆದರೆ ಕಷ್ಟದ ಕಡತ ಮುಟ್ಟದೆ ಬದಿಗಿಟ್ಟ ಕಚೇರಿಗೇ ಉತ್ತಮ ಅಂಕ ಸಿಗುತ್ತದೆ.

ಕನ್ನಡದಲ್ಲಿ ದಾಖಲೆ ಇಡುವ ವ್ಯವಸ್ಥೆಗಳಿಗೆ ಇವುಗಳ ಜೊತೆಗೆ ತಮ್ಮದೇ ತೊಡಕುಗಳಿವೆ. ಯೂನಿಕೋಡ್ ಬರುವ ಮುಂಚಿನ ಫಾಂಟ್ ಸಂಕೇತಗಳಲ್ಲಿ ಉಳಿದ ಹಳೆಯ ದಾಖಲೆಗಳನ್ನು ಪರಿವರ್ತಿಸದೆ ಹುಡುಕಲಾಗದು. ಯೂನಿಕೋಡ್‌ನಲ್ಲೂ ಅರ್ಧಾಕ್ಷರದ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಕೊಂಡಿರಬಹುದು. ತೆರೆಯ ಮೇಲೆ ‘ಅಕ್ಬರ್’ ಎಂಬ ಎರಡು ಹೆಸರು ಒಂದೇ ತೆರನಾಗಿ ಕಂಡರೂ ಯಂತ್ರಕ್ಕೆ ಅವು ಬೇರೆ. ಹೆಸರನ್ನೇ ನೆಚ್ಚಿ ಎರಡು ಪಟ್ಟಿ ಜೋಡಿಸಿದರೆ ಒಬ್ಬ ಫಲಾನುಭವಿ ಇಬ್ಬರಾಗುತ್ತಾನೆ, ಇಲ್ಲವೇ ಕೈಬಿಟ್ಟುಹೋಗುತ್ತಾನೆ. ಗುರುತಿನ ಸಂಖ್ಯೆಯನ್ನೇ ಆಧಾರವಾಗಿ ಹಿಡಿಯಬೇಕು ಎಂಬ ಪಾಠ ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ ಇದೆ. ಅದು ನಮ್ಮಲ್ಲಿ ಇನ್ನೂ ಎಷ್ಟು ಮುಖ್ಯ ಎಂಬುದು ಅಲ್ಲಿಲ್ಲ.

‘ಇಷ್ಟೆಲ್ಲ ಏಕೆ, ಎಕ್ಸೆಲ್ ಸಾಲದೇ’ ಎನ್ನುವವರಿದ್ದಾರೆ. ಇಂಗ್ಲೆಂಡ್ 2020ರಲ್ಲಿ ಇದಕ್ಕೆ ಬೆಲೆ ತೆತ್ತಿತು. ಕೋವಿಡ್ ಪರೀಕ್ಷಾ ಫಲಿತಾಂಶಗಳನ್ನು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಹಳೆಯ ಎಕ್ಸೆಲ್ ಮಾದರಿಯ ಕಡತಗಳಿಗೆ ತುಂಬಿಸಿಕೊಳ್ಳುತ್ತಿತ್ತು. ಅಂಥ ಹಾಳೆಯಲ್ಲಿ ಹಿಡಿಸುವುದು 65,536 ಸಾಲು ಮಾತ್ರ. ಹೆಚ್ಚಾದದ್ದು ಸದ್ದಿಲ್ಲದೆ ಉದುರಿಹೋಯಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಸೋಂಕಿತರು ದೈನಂದಿನ ಲೆಕ್ಕದಿಂದ ಹೊರಗುಳಿದರು; ಅವರ ಸಂಪರ್ಕಕ್ಕೆ ಬಂದವರನ್ನು ಪತ್ತೆಹಚ್ಚುವ ಕೆಲಸವೂ ತಡವಾಯಿತು.

ಹಾಗಾದರೆ ಇದು ಎಂಜಿನಿಯರುಗಳಿಗೆ ಬಿಟ್ಟ ವಿಷಯವೇ? ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಸಂಬಂಧಾತ್ಮಕ ಮಾದರಿಯನ್ನು ಮುಂದಿಟ್ಟದ್ದೇ ಯಂತ್ರದೊಳಗೆ ಮಾಹಿತಿ ಹೇಗೆ ಕುಳಿತಿದೆ ಎಂಬುದನ್ನು ಬಳಸುವವರು ಅರಿಯಬೇಕಾಗಿಲ್ಲ ಎಂಬ ಉದ್ದೇಶದಿಂದ. ನಾಲ್ಕು ವರ್ಷದ ನಂತರ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್, ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಇಂದಿನ ಎಸ್‌ಕ್ಯೂಎಲ್‌ನ ಮೊದಲ ರೂಪವನ್ನು ಪ್ರಕಟಿಸಿದಾಗ ಅವರ ಕಣ್ಣಮುಂದಿದ್ದವರಲ್ಲಿ ಲೆಕ್ಕಿಗರು, ವಾಸ್ತುಶಿಲ್ಪಿಗಳು, ನಗರ ಯೋಜಕರು ಇದ್ದರು. ಕಂಪ್ಯೂಟರ್ ತಜ್ಞರಲ್ಲದ, ಆದರೆ ತಮ್ಮ ವಿಷಯ ಬಲ್ಲ ಜನರಿಗಾಗಿ ಆ ಭಾಷೆ ಹುಟ್ಟಿತು. ನಾವು ಅದನ್ನು ಬಿಇ, ಬಿಸಿಎ ತರಗತಿಗಳ ಸೊತ್ತಾಗಿಸಿದೆವು.

ಆ ತರಗತಿಗಳಲ್ಲಾದರೂ ವರದಿ ಬರೆಯುವುದನ್ನು ಕಲಿಸುತ್ತಿದ್ದೇವೆಯೇ? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಪಠ್ಯಕ್ರಮದ ಡೇಟಾಬೇಸ್ ಲ್ಯಾಬ್‌ನಲ್ಲಿ ಗ್ರಂಥಾಲಯ, ಸಿನಿಮಾ, ಕಾಲೇಜು, ಕಂಪನಿ ಎಂಬ ಮಾದರಿಗಳ ಮೇಲೆ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಬರೆಸುತ್ತಿದ್ದರು. ಉತ್ತರ ತೆರೆಯ ಮೇಲೆ ಬಂದರೆ ಅಭ್ಯಾಸ ಮುಗಿಯಿತು. ಗ್ರಂಥಪಾಲಕರಿಗೆ ತಿಂಗಳ ಕೊನೆಯಲ್ಲಿ ಯಾವ ಹಾಳೆ ಬೇಕು, ಕಳೆದುಹೋದ ಪುಸ್ತಕವನ್ನು ಎಣಿಸಬೇಕೇ ಬಿಡಬೇಕೇ, ಮೊತ್ತವನ್ನು ದಾಸ್ತಾನು ವಹಿಗೆ ಹೇಗೆ ತಾಳೆ ಹಾಕಬೇಕು ಎಂದು ಕೇಳುವ ಪ್ರಶ್ನೆಪತ್ರಿಕೆ ಅಪರೂಪ. ಕೆಲಸಕ್ಕೆ ಸೇರಿದ ಮೊದಲ ವಾರ ಎದುರಾಗುವುದು ಇವೇ ಪ್ರಶ್ನೆಗಳು.

ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಕನ್ನಡದಲ್ಲಿ ಕೇಳಿದರೂ ಕ್ವೆರಿ ಬರೆದುಕೊಡುತ್ತವೆ, ಕಲಿಯುವ ಗೋಜೇಕೆ ಎಂಬ ಮಾತಿದೆ. ಬರೆಯುವ ಶ್ರಮ ಉಳಿಯುವುದು ನಿಜ. ಆದರೆ 24 ಎಕರೆಯ ಕ್ವೆರಿಯನ್ನೂ ಅವು ಅಷ್ಟೇ ನಿರರ್ಗಳವಾಗಿ ಬರೆಯಬಲ್ಲವು. ಈ ವರದಿಯ ಒಂದೊಂದು ಸಾಲು ಏನನ್ನು ಪ್ರತಿನಿಧಿಸುತ್ತದೆ, ಜಮೀನನ್ನೋ ಮಾಲೀಕನನ್ನೋ ಸಾಲವನ್ನೋ, ಎಂದು ಮೊದಲೇ ನಿರ್ಧರಿಸಿಕೊಂಡವರಿಗೆ ಮಾತ್ರ ಆ ತಪ್ಪು ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಕಲಿಕೆ ಶುರುವಾಗಬೇಕಾದದ್ದು ತಂತ್ರಾಂಶದ ಗುಂಡಿಗಳಿಂದಲ್ಲ, ಈ ಪ್ರಶ್ನೆಯಿಂದ. ಶೀರ್ಷಿಕೆ, ಗುಂಪು, ಉಪಮೊತ್ತ, ಬಣ್ಣದ ನಕ್ಷೆ ಎಲ್ಲವೂ ಆಮೇಲಿನ ಮಾತು.

ಮಾಡಬೇಕಾದದ್ದು ದುಬಾರಿಯೂ ಅಲ್ಲ. ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ 2012ರಿಂದ ಇದೆ. ಅಂಕಿಅಂಶದ ಕೆಲಸ ನೋಡುವ ಎಫ್‌ಡಿಎ, ಎಸ್‌ಡಿಎಗಳಿಗೆ ಅದರ ಮುಂದಿನ ಹಂತವಾಗಿ ಕನ್ನಡದಲ್ಲೇ ಕ್ವೆರಿ ಮತ್ತು ವರದಿ ತಯಾರಿಕೆಯ ತರಬೇತಿ ಕೊಡಬಹುದು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂಥ ಉಚಿತ ಡೇಟಾಬೇಸ್‌ಗಳಿರುವಾಗ ಪರವಾನಗಿ ಶುಲ್ಕದ ನೆಪ ನಡೆಯದು. ಎಲ್ಲರೂ ಕ್ವೆರಿ ಓಡಿಸಿದರೆ ಸರ್ವರ್ ಕುಸಿಯುತ್ತದೆ, ನಾಗರಿಕರ ಖಾಸಗಿ ವಿವರ ಸೋರುತ್ತದೆ ಎಂಬ ಆತಂಕ ನ್ಯಾಯವಾದದ್ದು. ಓದಲು ಮಾತ್ರ ಅವಕಾಶವಿರುವ ಪ್ರತ್ಯೇಕ ಪ್ರತಿ, ಹೆಸರು-ಆಧಾರ್ ಸಂಖ್ಯೆ ತೆಗೆದ ನೋಟಗಳು (‘ವ್ಯೂ’) ಅದಕ್ಕೆ ಉತ್ತರ.

ಇದಕ್ಕಿಂತ ಸರಳವಾದ ಸುಧಾರಣೆ ಒಂದು ಸುತ್ತೋಲೆಯಲ್ಲಿ ಆಗಬಹುದು. ಪ್ರತಿ ವರದಿಯ ಅಡಿಯಲ್ಲಿ ನಾಲ್ಕು ವಿವರ ಕಡ್ಡಾಯವಾಗಲಿ: ಯಾವ ದಿನಾಂಕದವರೆಗಿನ ಮಾಹಿತಿ, ಒಂದು ಸಾಲು ಯಾವುದರ ಎಣಿಕೆ, ಯಾವುದನ್ನು ಕೈಬಿಡಲಾಗಿದೆ, ಮೊತ್ತವನ್ನು ಯಾವ ಮೂಲ ದಾಖಲೆಗೆ ತಾಳೆ ನೋಡಲಾಗಿದೆ. ದಾಖಲೆಗಳನ್ನು ಗಣಕೀಕರಿಸಿ ಮಾಹಿತಿಯನ್ನು ತಾನಾಗಿಯೇ ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ 2005ರಿಂದಲೇ ಹೇಳುತ್ತಿದೆ. ಹಾಗೆ ಪ್ರಕಟವಾದ ಅಂಕಿಗೆ ಈ ನಾಲ್ಕು ಸಾಲು ಜೊತೆಗಿದ್ದರೆ ಶಾಸಕರಿಂದ ಹಿಡಿದು ಹಳ್ಳಿಯ ಅರ್ಜಿದಾರರವರೆಗೆ ಯಾರು ಬೇಕಾದರೂ ಅದನ್ನು ಪ್ರಶ್ನಿಸಬಹುದು. ‘ಕಂಪ್ಯೂಟರ್ ಹೀಗೆ ಕೊಟ್ಟಿತು’ ಎಂದು ಕೈತೊಳೆದುಕೊಳ್ಳುವ ದಾರಿ ಆಗ ಮುಚ್ಚುತ್ತದೆ, ವರದಿಗೆ ಸಹಿ ಹಾಕುವ ಅಧಿಕಾರಿ ಮೊದಲು ಅದನ್ನು ಓದಲೇಬೇಕಾಗುತ್ತದೆ.