ಪರಾತಿ ಪೊಲೀಸರ ಮೇಲೆ, ವಿಚಾರಣೆಯ ಕುರ್ಚಿಯಲ್ಲೂ ಪೊಲೀಸರೇ!

ಕುಂಬ್ಡಾಜೆಯ ಗೆಳೆಯರೇ, ಒಂದು ನೇರ ಪ್ರಶ್ನೆ. ರಾತ್ರಿ ಮಾರ್ಪನಡ್ಕದಲ್ಲಿ ಬೈಕ್ ತಡೆದ ಪೊಲೀಸನೊಬ್ಬ ವಿನಾಕಾರಣ ನಿಮ್ಮ ಕೆನ್ನೆಗೆ ಬಾರಿಸಿದರೆ ಪರಾತಿ ಯಾರಿಗೆ ಕೊಡ್ತೀರಿ? ಠಾಣೆಗಾ? ಹೊಡೆದವನು ಅಲ್ಲೇ ಕೂತಿರ್ತಾನಲ್ಲ!

ಇದೇನು ಕಟ್ಟುಕತೆಯ ಭಯವಲ್ಲ. 2023ರ ಆಗಸ್ಟಿನಲ್ಲಿ ಅಂಗಡಿಮೊಗರು ಶಾಲೆಯ ಪ್ಲಸ್ ಟು ಹುಡುಗನಿದ್ದ ಕಾರು, ಪೊಲೀಸ್ ಜೀಪು ಬೆನ್ನಟ್ಟಿದಾಗ ಮಗುಚಿ ಬಿತ್ತು. ಕೆಲವೇ ದಿನಗಳಲ್ಲಿ ಹುಡುಗ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ತಪ್ಪು ಯಾರದ್ದು ಅಂತ ನಾವಿಲ್ಲಿ ತೀರ್ಪು ಕೊಡುವುದಿಲ್ಲ. ಆದರೆ ಆರೋಪ ಇದ್ದದ್ದು ಪೊಲೀಸರ ಮೇಲೆ, ತನಿಖೆ ಹೋದದ್ದು ಕ್ರೈಂ ಬ್ರಾಂಚಿಗೆ. ಅವರೂ ಪೊಲೀಸರೇ ಅಲ್ವಾ?

ಇದಕ್ಕೆ ಕಾನೂನಿನಲ್ಲಿ ದಾರಿಯಿದೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತು: ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಬೇಕು. ಕೇರಳ ತನ್ನ 2011ರ ಪೊಲೀಸ್ ಕಾಯ್ದೆಯ 110ನೇ ಸೆಕ್ಷನಿನಲ್ಲಿ ಅದನ್ನು ಬರೆದುಕೊಂಡಿತು. ಕಾನ್‌ಸ್ಟೇಬಲ್‌ನಿಂದ ಡಿವೈಎಸ್‌ಪಿವರೆಗೆ ಯಾರ ಮೇಲಿನ ದೂರನ್ನೂ ಜಿಲ್ಲಾ ಪ್ರಾಧಿಕಾರ ವಿಚಾರಿಸಬಹುದು.

ಆದರೆ ಅಲ್ಲಿ ಕೂರುವವರು ಯಾರು? ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ಜೊತೆಗೆ ಜಿಲ್ಲಾಧಿಕಾರಿ. ಮೂರನೆಯವರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ! ಎಸ್‌ಐ ಮೇಲೆ ದೂರು ಕೊಟ್ಟರೆ ಕೇಳುವ ಮೂವರಲ್ಲಿ ಒಬ್ಬರು ಆ ಎಸ್‌ಐಯ ಮೇಲಧಿಕಾರಿ. ಬೇಲಿ ಮೇಯ್ದ ಹೊಲದ ಪಂಚಾಯ್ತಿಗೆ ಬೇಲಿಯನ್ನೇ ಕೂರಿಸಿದ ಹಾಗಾಯ್ತು. ಊರಿನ ಒಬ್ಬ ಸಾಮಾನ್ಯ ನಾಗರಿಕನಿಗೆ ಅಲ್ಲಿ ಕುರ್ಚಿ ಇಲ್ಲ. ಕನ್ನಡ ಬಲ್ಲವರೊಬ್ಬರು ಇರಬೇಕು ಎಂಬ ಮಾತೂ ಕಾಯ್ದೆಯಲ್ಲಿಲ್ಲ.

"ಜನಮೈತ್ರಿ ಸಮಿತಿ ಉಂಟಲ್ಲ" ಅಂತ ಯಾರೋ ಹೇಳಬಹುದು. ಅದು ಪೊಲೀಸರಿಗೆ ನೆರವಾಗುವ ಸಮಿತಿ, ಪೊಲೀಸರನ್ನು ಪ್ರಶ್ನಿಸುವ ಸಮಿತಿ ಅಲ್ಲ.

ನಮ್ಮ ಕಷ್ಟ ಇಮ್ಮಡಿ. ಓದಲು ಬಾರದ ಮಲಯಾಳಂ ಬರಹದ ಕೆಳಗೆ ನಮ್ಮ ಅಜ್ಜ ಅಜ್ಜಿಯರು ಸಹಿ ಹಾಕಿ ಬರುತ್ತಾರೆ. ಅದರಲ್ಲಿ ಏನಿದೆ ಎಂದು ಗೊತ್ತಿಲ್ಲದವರು ದೂರುವುದಾದರೂ ಏನನ್ನು? ನಮ್ಮ ಜಗಳ ಮಲಯಾಳಂ ಜೊತೆಗಲ್ಲ, ನೆರೆಮನೆಯ ಮಲಯಾಳಿಯ ಜೊತೆಗೂ ಅಲ್ಲ. ಲಾಠಿ ಏಟಿಗೆ ಭಾಷೆ ಇಲ್ಲ, ನ್ಯಾಯ ಕೇಳುವ ಕಾಗದಕ್ಕೆ ಮಾತ್ರ ಇದೆ.

ಹಾಗಾಗಿ ಇಷ್ಟು ಮಾಡಿ:

1. ದೂರನ್ನು ಕನ್ನಡದಲ್ಲೇ ಬರೆಯಿರಿ. ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳು ಕನ್ನಡದ ಪತ್ರಕ್ಕೆ ಕನ್ನಡದಲ್ಲೇ ಉತ್ತರಿಸಬೇಕು.

2. ರಶೀದಿ ಇಲ್ಲದೆ ಠಾಣೆಯಿಂದ ಹೊರಡಬೇಡಿ. ಎಫ್‌ಐಆರ್ ಆದರೆ ಅದರ ಪ್ರತಿ ದೂರುದಾರನಿಗೆ ಉಚಿತ. ಹೇಳಿದ್ದನ್ನು ಬರೆದುಕೊಂಡರೆ ಓದಿ ಹೇಳಿಸಿಕೊಳ್ಳಿ, ಅರ್ಥವಾದ ಮೇಲಷ್ಟೇ ಸಹಿ.

3. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಲ್ಲಿ. ಜಿಲ್ಲಾ ಪ್ರಾಧಿಕಾರದಿಂದ ಪೊಲೀಸ್ ವರಿಷ್ಠರನ್ನು ಹೊರಗಿಡಬೇಕು, ಊರಿನ ನಾಗರಿಕರನ್ನೂ ಕನ್ನಡ ಬಲ್ಲವರನ್ನೂ ಸೇರಿಸಬೇಕು ಎಂದು ನಿರ್ಣಯ ಮಾಡಿಸಿ, ಸರಕಾರಕ್ಕೆ ಕಳಿಸಿ. ಇದು ಅತಿಯಾಸೆಯಲ್ಲ. ಠಾಣೆಗಳ ಸಿಸಿಟಿವಿ ನೋಡಿಕೊಳ್ಳುವ ಜಿಲ್ಲಾ ಸಮಿತಿಯಲ್ಲಿ ಚುನಾಯಿತ ಪ್ರತಿನಿಧಿಯೂ ಇರಬೇಕೆಂದು ಸುಪ್ರೀಂ ಕೋರ್ಟೇ 2020ರಲ್ಲಿ ಹೇಳಿದೆ. ಕ್ಯಾಮೆರಾ ಕಾಯಲು ಜನಪ್ರತಿನಿಧಿ ಬೇಕು, ಮನುಷ್ಯರ ದೂರು ಕೇಳಲು ಬೇಡವೇ?

ಒಳ್ಳೆಯ ಪೊಲೀಸರು ನಮ್ಮಲ್ಲೂ ಇದ್ದಾರೆ. ಅಂಥವರಿಗೆ ಈ ಬೇಡಿಕೆಯಿಂದ ನಷ್ಟವಿಲ್ಲ. ಹೆದರುವವರು ಯಾಕೆ ಹೆದರುತ್ತಾರೆ ಎಂದು ಅವರನ್ನೇ ಕೇಳೋಣ. ಕನ್ನಡದಲ್ಲೇ ಕೇಳೋಣ.