ಜಿಲ್ಲಾವಾರು ಪಟ್ಟಿ ಹೇಳದ ಲೆಕ್ಕ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾದ ದಿನ ಮಕ್ಕಳ ಅಂಕಗಳಷ್ಟೇ ಕುತೂಹಲದಿಂದ ರಾಜ್ಯ ಕಾಯುವುದು ಜಿಲ್ಲಾವಾರು ಪಟ್ಟಿಯನ್ನು. ಯಾರು ಮೊದಲು, ಯಾರು ಕೊನೆ, ಕಳೆದ ಬಾರಿಗಿಂತ ಎಷ್ಟು ಸ್ಥಾನ ಮೇಲೆ, ಎಷ್ಟು ಕೆಳಗೆ ಎಂಬುದೇ ಅಂದಿನ ಮಾತು. ಮೇಲೇರಿದ ಜಿಲ್ಲೆಯ ಅಧಿಕಾರಿಗಳಿಗೆ ಅಭಿನಂದನೆ, ಕೆಳಗಿಳಿದ ಜಿಲ್ಲೆಯ ಮುಖ್ಯ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸ್. ಈ ಪಟ್ಟಿಯಲ್ಲಿರುವ ಶೇಕಡಾವಾರು ಅಂಕಿಗಳು ಸುಳ್ಳಲ್ಲ. ಆದರೆ ಅವುಗಳಿಂದ ಇಷ್ಟೆಲ್ಲ ತೀರ್ಮಾನಕ್ಕೆ ಬರಬಹುದೇ ಎಂದು ಕೇಳುವವರು ಕಡಿಮೆ.

ಉಡುಪಿ ಜಿಲ್ಲೆಯನ್ನೇ ನೋಡಬಹುದು. 2023ರಲ್ಲಿ ಅಲ್ಲಿನ ಫಲಿತಾಂಶ ಶೇ 89.49. ಒಟ್ಟು 35 ಶೈಕ್ಷಣಿಕ ಜಿಲ್ಲೆಗಳ ಪೈಕಿ ಸಿಕ್ಕಿದ್ದು 18ನೇ ಸ್ಥಾನ, ಅಂದರೆ ಪಟ್ಟಿಯ ನಟ್ಟನಡುವೆ. 2024ರಲ್ಲಿ ಶೇ 94ರೊಂದಿಗೆ ಮೊದಲ ಸ್ಥಾನ. 2025ರಲ್ಲಿ ಶೇ 89.96, ಎರಡನೇ ಸ್ಥಾನ. ಮೊದಲ ಮತ್ತು ಕೊನೆಯ ವರ್ಷದ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಅರ್ಧ ಶೇಕಡಾ ಅಂಶವೂ ಇಲ್ಲ. ಹೆಚ್ಚುಕಡಿಮೆ ಅದೇ ಫಲಿತಾಂಶ ಒಮ್ಮೆ 18ನೇ ಸ್ಥಾನ ಕೊಟ್ಟಿದೆ, ಇನ್ನೊಮ್ಮೆ ಎರಡನೇ ಸ್ಥಾನ. ಉಡುಪಿ ಇದ್ದಲ್ಲೇ ಇತ್ತು, ಸುತ್ತಲಿನವರು ಜಾಗ ಬದಲಿಸಿದರು.

ಚಿತ್ರದುರ್ಗದ ಕಥೆ ಇದಕ್ಕೆ ವಿರುದ್ಧ. 2023ರಲ್ಲಿ ಶೇ 96.80 ಪಡೆದು ರಾಜ್ಯಕ್ಕೇ ಮೊದಲು ಬಂದ ಜಿಲ್ಲೆ, ಮರುವರ್ಷ ಶೇ 72.85ಕ್ಕೆ ಇಳಿದು 21ನೇ ಸ್ಥಾನಕ್ಕೆ ಬಂತು. 2023ರಲ್ಲಿ ಎರಡನೇ ಸ್ಥಾನದಲ್ಲಿದ್ದ ಮಂಡ್ಯವೂ ಶೇ 96.74ರಿಂದ ಶೇ 73.59ಕ್ಕೆ ಕುಸಿಯಿತು. ಒಂದೇ ವರ್ಷದಲ್ಲಿ ಒಂದು ಜಿಲ್ಲೆಯ ಶಿಕ್ಷಕರೆಲ್ಲ ಪಾಠ ಮಾಡುವುದನ್ನು ಮರೆಯುವುದಿಲ್ಲ, ಮಕ್ಕಳೆಲ್ಲ ಒಮ್ಮೆಗೇ ದಡ್ಡರಾಗುವುದಿಲ್ಲ. ಇಷ್ಟು ದೊಡ್ಡ ಏರುಪೇರು ಕಂಡಾಗ ಅಳೆಯಲಾದ ವಸ್ತುವಿಗಿಂತ ಮೊದಲು ಅಳತೆಗೋಲನ್ನೇ ಪರೀಕ್ಷಿಸಬೇಕೆಂಬುದು ಸಂಖ್ಯಾಶಾಸ್ತ್ರದ ಆರಂಭದ ಪಾಠ.

2024ರಲ್ಲಿ ಅಳತೆಗೋಲು ನಿಜಕ್ಕೂ ಬದಲಾಗಿತ್ತು, ಅದೂ ಎರಡು ಕಡೆಯಿಂದ. ಪರೀಕ್ಷಾ ಕೇಂದ್ರಗಳಲ್ಲಿ ಸಿ.ಸಿ. ಟಿ.ವಿ. ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮೂಲಕ ಕಣ್ಗಾವಲು ಬಿಗಿ ಮಾಡಲಾಯಿತು. ಅದರಿಂದ ಫಲಿತಾಂಶ ಪಾತಾಳಕ್ಕೆ ಇಳಿಯುವುದು ಗೊತ್ತಾದಾಗ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿ, ಕೃಪಾಂಕ ಪಡೆಯಲು ಬೇಕಾದ ಕನಿಷ್ಠ ಅಂಕವನ್ನು ಶೇ 35ರಿಂದ ಶೇ 25ಕ್ಕೆ ಇಳಿಸಲಾಯಿತು. ಒಂದು ಕ್ರಮ ಫಲಿತಾಂಶವನ್ನು ಕೆಳಕ್ಕೆ ಎಳೆಯಿತು, ಇನ್ನೊಂದು ಮೇಲಕ್ಕೆ ಎತ್ತಿತು. ಪ್ರಕಟವಾದ ಅಂಕಿ ಶೇ 73.40. ಕೃಪಾಂಕದ ಈ ಸಡಿಲಿಕೆ ಇಲ್ಲದಿದ್ದರೆ ಅದು ಶೇ 54ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಹಿಂದಿನ ವರ್ಷ ಶೇ 83.89 ಇತ್ತು. ಹಾಗಾಗಿ ‘ಶೇ 10.49ರಷ್ಟು ಕುಸಿತ’ ಎಂಬ ತಲೆಬರಹ ಲೆಕ್ಕಕ್ಕೆ ಸರಿಯಾಗಿದ್ದರೂ ನಡೆದದ್ದರ ಅರ್ಧವನ್ನಷ್ಟೇ ಹೇಳುತ್ತಿತ್ತು.

ಇಲ್ಲಿ ಆತುರದ ಆರೋಪವೂ ಸಲ್ಲದು. ಕಣ್ಗಾವಲು ಬಂದ ವರ್ಷವೇ ಅಂಕ ಕುಸಿದ ಜಿಲ್ಲೆಯಲ್ಲಿ ಹಿಂದೆ ನಕಲು ನಡೆದಿತ್ತು ಎಂಬ ಅನುಮಾನ ಸಹಜ. ಆದರೆ ಒಂದು ಶೇಕಡಾವಾರು ಅಂಕಿಯಿಂದ ಯಾವ ಮಗುವಿನ ಮೇಲೂ, ಯಾವ ಶಾಲೆಯ ಮೇಲೂ ಅದನ್ನು ಹೊರಿಸಲಾಗದು. ಅದಕ್ಕೆ ಕೇಂದ್ರವಾರು, ವಿಷಯವಾರು, ಪ್ರಶ್ನೆವಾರು ಅಂಕಗಳನ್ನು ಬಿಡಿಸಿ ನೋಡಬೇಕು. ಅಂಥ ಮಾಹಿತಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಕೈಯಲ್ಲೇ ಇದೆ.

ಛೇದವನ್ನು ಗಮನಿಸದೆ ಅಂಶವನ್ನಷ್ಟೇ ನೋಡುವುದು ಇನ್ನೊಂದು ಎಡವಟ್ಟು. 2025ರ ಮೊದಲ ಸುತ್ತಿನ ಪರೀಕ್ಷೆ, ಅಂದರೆ ಪರೀಕ್ಷೆ–1ರ ಫಲಿತಾಂಶ ಎಷ್ಟು ಎಂದರೆ ಬಹುತೇಕರು ಶೇ 66.14 ಎನ್ನುತ್ತಾರೆ. ಅದು ಮೊದಲ ಬಾರಿಗೆ ಪರೀಕ್ಷೆ ಬರೆದ ಶಾಲಾ ವಿದ್ಯಾರ್ಥಿಗಳ ಲೆಕ್ಕ: 7,90,890 ಮಕ್ಕಳಲ್ಲಿ 5,23,075 ಮಂದಿ ಪಾಸು. ಪುನರಾವರ್ತಿತರು, ಖಾಸಗಿ ಅಭ್ಯರ್ಥಿಗಳು ಎಲ್ಲರನ್ನೂ ಸೇರಿಸಿದರೆ ಬರೆದವರು 8,42,173, ಪಾಸಾದವರು 5,24,984. ಫಲಿತಾಂಶ ಶೇ 62.34. ಇನ್ನು 2024ರ ಶೇ 73.40 ಬಂದಿದ್ದು 8,59,967 ಮಂದಿಯ ಪೈಕಿ 6,31,204 ಮಂದಿ ಪಾಸಾಗಿದ್ದರಿಂದ. ಅದು ಎಲ್ಲರನ್ನೂ ಒಳಗೊಂಡ ಲೆಕ್ಕ. 73.40ರ ಪಕ್ಕದಲ್ಲಿ 66.14 ಇಟ್ಟರೆ ಇಳಿಕೆ ಏಳು ಅಂಶ, ಸರಿಸಮನಾದ 62.34 ಇಟ್ಟರೆ ಹನ್ನೊಂದು ಅಂಶ. ಜತೆಗೆ 2024ರ ಹೆಚ್ಚುವರಿ ಕೃಪಾಂಕ 2025ರಲ್ಲಿ ಇರಲಿಲ್ಲ. ಅದನ್ನು ಕಳೆದು ನೋಡಿದರೆ ಫಲಿತಾಂಶ ಇಳಿದಿಲ್ಲ, ಶೇ 54ರಿಂದ ಮೇಲಕ್ಕೆ ಬಂದಿದೆ ಎಂದೂ ವಾದಿಸಬಹುದು. ಮಕ್ಕಳು ಚೇತರಿಸಿಕೊಂಡಿರಬಹುದು ಎಂಬ ಆ ಸಾಧ್ಯತೆ, ಕುಸಿತದ ಸುದ್ದಿಯ ಗದ್ದಲದಲ್ಲಿ ಕಳೆದುಹೋಯಿತು.

ಜಿಲ್ಲೆಯಿಂದ ಶಾಲೆಗೆ ಇಳಿದರೆ ಸಮಸ್ಯೆ ಇನ್ನೂ ಸೂಕ್ಷ್ಮ. ‘ಶೇ 100 ಫಲಿತಾಂಶ’ ಎಂಬ ಬ್ಯಾನರ್ ಪ್ರತಿ ಮೇ ತಿಂಗಳಲ್ಲೂ ಊರೂರಿನ ಶಾಲೆಗಳ ಗೇಟಿನ ಮೇಲೆ ಕಾಣುತ್ತದೆ. ಆ ಶಾಲೆಯಲ್ಲಿ ಪರೀಕ್ಷೆ ಬರೆದವರು ಎಷ್ಟು ಮಂದಿ ಎಂಬುದು ಬ್ಯಾನರಿನಲ್ಲಿ ಇರುವುದು ಅಪರೂಪ. ಒಂದು ಸಣ್ಣ ಲೆಕ್ಕ ಮಾಡೋಣ. ಹತ್ತನೇ ತರಗತಿಯಲ್ಲಿ ತಲಾ 10 ಮಕ್ಕಳಿರುವ ನೂರು ಶಾಲೆಗಳಿವೆ ಎಂದುಕೊಳ್ಳಿ. ಎಲ್ಲ ಕಡೆ ಪಾಠ ಒಂದೇ ಮಟ್ಟದ್ದು, ಪ್ರತಿ ಮಗು ಪಾಸಾಗುವ ಸಂಭವನೀಯತೆ ಶೇ 85. ಹತ್ತೂ ಮಕ್ಕಳು ಪಾಸಾಗಬೇಕಾದರೆ 0.85ನ್ನು ಹತ್ತು ಬಾರಿ ಗುಣಿಸಬೇಕು. ಉತ್ತರ ಸುಮಾರು 0.20. ಅಂದರೆ ನೂರರಲ್ಲಿ ಇಪ್ಪತ್ತು ಶಾಲೆಗಳು ಏನೂ ವಿಶೇಷ ಮಾಡದೆಯೇ ಶೇ 100 ಪಡೆಯುತ್ತವೆ. ಅದೇ ನೂರರಲ್ಲಿ ಐದು ಶಾಲೆಗಳು ಬರೀ ಅದೃಷ್ಟ ಕೆಟ್ಟು ಶೇ 60 ಅಥವಾ ಅದಕ್ಕಿಂತ ಕೆಳಗೆ ಇಳಿಯುತ್ತವೆ. ಇನ್ನು ಅದೇ ಮಟ್ಟದ ಪಾಠವಿರುವ, 200 ಮಕ್ಕಳ ಶಾಲೆಗೆ ಈ ಎರಡೂ ತುದಿ ಮುಟ್ಟುವುದು ಅಸಾಧ್ಯವೆಂಬಷ್ಟು ಕಷ್ಟ. ಅದು ಬಹುತೇಕ ಪ್ರತಿ ವರ್ಷವೂ 80 ಮತ್ತು 90ರ ನಡುವೆಯೇ ಓಡಾಡಿಕೊಂಡಿರುತ್ತದೆ.

ಪಟ್ಟಿಯ ತಲೆಯಲ್ಲೂ ಬುಡದಲ್ಲೂ ಚಿಕ್ಕ ಶಾಲೆಗಳೇ ತುಂಬಿಕೊಳ್ಳುವುದು ಇದರಿಂದ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಹೊವಾರ್ಡ್ ವೈನರ್ ಪೆನ್ಸಿಲ್ವೇನಿಯಾ ರಾಜ್ಯದ 1,662 ಶಾಲೆಗಳ ಅಂಕಗಳನ್ನು ಇಟ್ಟುಕೊಂಡು ಇದನ್ನು ತೋರಿಸಿದರು. ಅತ್ಯುತ್ತಮ 50 ಶಾಲೆಗಳಲ್ಲಿ ಅತಿ ಚಿಕ್ಕ ಶಾಲೆಗಳು ನಿರೀಕ್ಷೆಗಿಂತ ನಾಲ್ಕು ಪಟ್ಟು ಹೆಚ್ಚಿದ್ದವು. ಅತಿ ಕಳಪೆ 50ರಲ್ಲಿ ಅವುಗಳ ಪಾಲು ಇನ್ನೂ ಹೆಚ್ಚು. ಅಷ್ಟರಲ್ಲಿ ಗೇಟ್ಸ್ ಪ್ರತಿಷ್ಠಾನ ‘ಚಿಕ್ಕ ಶಾಲೆಯೇ ಒಳ್ಳೆಯ ಶಾಲೆ’ ಎಂದು ನಂಬಿ ದೊಡ್ಡ ಶಾಲೆಗಳನ್ನು ಒಡೆದು ಚಿಕ್ಕದಾಗಿಸಲು ಭಾರಿ ಹಣ ಸುರಿದು ಆಗಿತ್ತು. ಪಟ್ಟಿಯ ಮೇಲ್ಭಾಗವನ್ನಷ್ಟೇ ನೋಡಿ ನೀತಿ ರೂಪಿಸಿದ್ದರ ಬೆಲೆ ಅದು.

ಇದರ ಬಿಸಿ ನಮ್ಮಲ್ಲಿ ತಟ್ಟುವುದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ. ಹನ್ನೆರಡು ಮಕ್ಕಳಲ್ಲಿ ಇಬ್ಬರು ಹೆಚ್ಚಾಗಿ ಫೇಲಾದರೆ ಫಲಿತಾಂಶ 17 ಅಂಶ ಇಳಿಯುತ್ತದೆ, ನೋಟಿಸ್ ಬರುತ್ತದೆ. ಮರುವರ್ಷ ಫಲಿತಾಂಶ ತಾನಾಗಿಯೇ ಸರಾಸರಿಯತ್ತ ಮರಳುತ್ತದೆ. ನೋಟಿಸ್ ಕೊಟ್ಟದ್ದರಿಂದಲೇ ಸುಧಾರಣೆಯಾಯಿತೆಂದು ಮೇಲಧಿಕಾರಿ ನಂಬುತ್ತಾರೆ. ಹಾಗೆಯೇ ಶೇ 100 ಪಡೆದು ಸನ್ಮಾನಗೊಂಡ ಶಾಲೆ ಮುಂದಿನ ವರ್ಷ ಇಳಿದರೆ, ಹೊಗಳಿಕೆಯಿಂದ ಮೈಮರೆತರು ಎಂಬ ಮಾತು. ಇಸ್ರೇಲ್ ವಾಯುಪಡೆಯ ತರಬೇತುದಾರರಲ್ಲಿ ಮನೋವಿಜ್ಞಾನಿ ಡೇನಿಯಲ್ ಕಾನಮನ್ ಗುರುತಿಸಿದ್ದು ಇದೇ ಭ್ರಮೆಯನ್ನು: ಬೈದರೆ ಸುಧಾರಿಸುತ್ತಾರೆ, ಹೊಗಳಿದರೆ ಕೆಡುತ್ತಾರೆ ಎಂದು ಅವರೂ ಅನುಭವದಿಂದಲೇ ಕಲಿತಿದ್ದರು, ತಪ್ಪಾಗಿ ಕಲಿತಿದ್ದರು. ಒಂದು ವರ್ಷದ ಅಂಕಿಯ ಮೇಲೆ ಶಿಕ್ಷಕರನ್ನು ದಂಡಿಸುವುದು ಅನ್ಯಾಯ. ಕನಿಷ್ಠ ಮೂರು ವರ್ಷದ ಮಕ್ಕಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ ಮೇಲೂ ಶಾಲೆ ಕೆಳಗೇ ಉಳಿದರೆ ಆಗ ಅಲ್ಲಿಗೆ ಹೋಗಿ ನೋಡಬೇಕಾದ್ದು ಇರುತ್ತದೆ. ಬಹುಶಃ ಗಣಿತಕ್ಕೋ ಇಂಗ್ಲಿಷಿಗೋ ಶಿಕ್ಷಕರೇ ಇಲ್ಲ ಎಂಬುದು ಕಣ್ಣಿಗೆ ಬಿದ್ದೀತು.

ಸರಾಸರಿಯ ಇನ್ನೊಂದು ಮೋಸ ಕೊಠಡಿಯೊಳಗಿದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಬೇಕು. ಒಂದು ಕ್ಲಸ್ಟರಿನ ಐದು ಶಾಲೆಗಳ ನಾಲ್ಕನೇ ತರಗತಿಯಲ್ಲಿ 8, 10, 12, 45, 65 ಮಕ್ಕಳಿದ್ದಾರೆ, ಪ್ರತಿ ತರಗತಿಗೂ ಒಬ್ಬರೇ ಶಿಕ್ಷಕರು ಎಂದಿಟ್ಟುಕೊಳ್ಳಿ. ಸರಾಸರಿ 28. ಕಡತದಲ್ಲಿ ಎಲ್ಲವೂ ಸರಿ. ಆದರೆ ಒಟ್ಟು 140 ಮಕ್ಕಳಲ್ಲಿ 110 ಮಂದಿ ಕೂತಿರುವುದು 30 ಮೀರಿದ ತರಗತಿಗಳಲ್ಲಿ. ಶಾಲೆಗಳನ್ನು ಎಣಿಸಿದರೆ ಬರುವ ಚಿತ್ರವೇ ಬೇರೆ, ಮಕ್ಕಳನ್ನು ಎಣಿಸಿದರೆ ಬರುವ ಚಿತ್ರವೇ ಬೇರೆ. ಮಕ್ಕಳ ಸಂಖ್ಯೆಗೆ ಹೋಲಿಸಿದರೆ ಹೆಚ್ಚಿದ್ದಾರೆ ಎನ್ನಲಾಗುವ ‘ಹೆಚ್ಚುವರಿ ಶಿಕ್ಷಕ’ರನ್ನು ಗುರುತಿಸುವಾಗ ಮಕ್ಕಳನ್ನು ಎಣಿಸಬೇಕು.

ಇವೆಲ್ಲ ತಜ್ಞರಿಗೆ ಮಾತ್ರ ತಿಳಿಯುವ ವಿದ್ಯೆಯೇನಲ್ಲ. ಹತ್ತನೇ ತರಗತಿಯ ಗಣಿತ ಪಠ್ಯದಲ್ಲಿ ಸಂಖ್ಯಾಶಾಸ್ತ್ರಕ್ಕೊಂದು, ಸಂಭವನೀಯತೆಗೊಂದು ಅಧ್ಯಾಯವಿದೆ. ಮಕ್ಕಳು ಸರಾಸರಿ, ಮಧ್ಯಾಂಕ, ಬಹುಲಕ ಕಂಡುಹಿಡಿಯುತ್ತಾರೆ, ಪೂರ್ಣ ಅಂಕವನ್ನೂ ಪಡೆಯುತ್ತಾರೆ. ಆದರೆ ವರ್ಗಾಂತರ, ಆವೃತ್ತಿಗಳ ಕೋಷ್ಟಕವನ್ನು ಪ್ರಶ್ನೆಪತ್ರಿಕೆಯೇ ಸಿದ್ಧಮಾಡಿ ಕೊಡುತ್ತದೆ. ಯಾವುದನ್ನು ಎಣಿಸಬೇಕು, ಯಾರನ್ನು ಸೇರಿಸಬೇಕು, ಮೂರರಲ್ಲಿ ಯಾವ ಅಳತೆ ಇಲ್ಲಿ ಸೂಕ್ತ ಎಂಬ ನಿಜವಾದ ಪ್ರಶ್ನೆ ಮಕ್ಕಳ ಮುಂದೆ ಬರುವುದೇ ಇಲ್ಲ. ಜಗತ್ತು ಗೌರವಿಸಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಹೂವಿನಹಡಗಲಿಯಲ್ಲಿ. ಅದೇ ನೆಲದ ಮಕ್ಕಳಿಗೆ ಈ ಶಾಸ್ತ್ರ ಸೂತ್ರಗಳ ಕಂಠಪಾಠವಾಗಿ ಉಳಿದಿರುವುದು ನೋವಿನ ಸಂಗತಿ.

ಇದನ್ನು ಬದಲಿಸಲು ಮಕ್ಕಳ ಶಾಲಾ ಬ್ಯಾಗಿನ ಭಾರ ಒಳ್ಳೆಯ ಆರಂಭವಾಗಬಲ್ಲದು. ರಾಜ್ಯ ಸರ್ಕಾರದ 2019ರ ಸುತ್ತೋಲೆಯಂತೆ 6ರಿಂದ 8ನೇ ತರಗತಿಯ ಮಕ್ಕಳ ಬ್ಯಾಗ್ 3ರಿಂದ 4 ಕಿಲೊ ಇರಬಹುದು. ಮಗುವಿನ ತೂಕದ ಹತ್ತನೇ ಒಂದು ಭಾಗ ಎಂಬುದು ಅದರ ಹಿಂದಿನ ಲೆಕ್ಕ. ಏಳನೇ ತರಗತಿಯ ಮಕ್ಕಳೇ ಒಂದು ತೂಕದ ಯಂತ್ರ ತಂದಿಟ್ಟುಕೊಂಡು ಬ್ಯಾಗನ್ನೂ ತಮ್ಮನ್ನೂ ತೂಗಿ ಬರೆದುಕೊಳ್ಳಲಿ. ಸರಾಸರಿ ಮೂರೂವರೆ ಕಿಲೊ ಬಂದರೆ ಸುತ್ತೋಲೆ ಪಾಲನೆಯಾದಂತೆ. ಆದರೆ 28 ಕಿಲೊ ತೂಕದ ಹುಡುಗಿಯ ಬೆನ್ನಿಗೆ 4 ಕಿಲೊ ಇದ್ದರೆ ಅದು ಅವಳ ತೂಕದ ಶೇ 14ಕ್ಕೂ ಹೆಚ್ಚು. ಸುತ್ತೋಲೆಯ ಕೋಷ್ಟಕದೊಳಗೇ ಇದ್ದೂ ಸುತ್ತೋಲೆಯ ಉದ್ದೇಶವನ್ನು ಮೀರುವ ಬ್ಯಾಗ್ ಅದು. ಎಷ್ಟು ಮಕ್ಕಳ ಸ್ಥಿತಿ ಹೀಗಿದೆ ಎಂದು ಎಣಿಸುವ, ಸೋಮವಾರದ ತೂಕವನ್ನೂ ಶುಕ್ರವಾರದ ತೂಕವನ್ನೂ ಹೋಲಿಸುವ, ವೇಳಾಪಟ್ಟಿ ಬದಲಿಸಿ ಮತ್ತೆ ತೂಗುವ ಮಗುವಿಗೆ ಸರಾಸರಿಯ ಶಕ್ತಿಯೂ ಮಿತಿಯೂ ಮರೆಯದಂತೆ ತಿಳಿಯುತ್ತದೆ. ಹಾಜರಿ ಪುಸ್ತಕ, ಬಿಸಿಯೂಟದ ದಾಖಲೆ, ಗ್ರಂಥಾಲಯದ ವಹಿ ಎಲ್ಲವೂ ಇಂಥ ಪಾಠಕ್ಕೆ ಒದಗುತ್ತವೆ.

ಮಂಡಳಿ ಮಾಡಬೇಕಾದ ಕೆಲಸವೂ ದೊಡ್ಡದಲ್ಲ. ಜಿಲ್ಲಾವಾರು ಪಟ್ಟಿಯಲ್ಲಿ ಶೇಕಡಾವಾರಿನ ಪಕ್ಕ ಪರೀಕ್ಷೆ ಬರೆದವರ ಸಂಖ್ಯೆ, ಮೂರು ವರ್ಷದ ಒಟ್ಟು ಫಲಿತಾಂಶ, ಕೃಪಾಂಕ ಸೇರದ ಫಲಿತಾಂಶ ಎಂಬ ಮೂರು ಕಾಲಂ ಸೇರಿಸಿದರೆ ಸಾಕು, ಅರ್ಧ ಗೊಂದಲ ಕರಗುತ್ತದೆ. 2025ರಲ್ಲಿ ಶೇ 42.43 ಪಡೆದು ಕೊನೆಯಲ್ಲಿ ನಿಂತ ಕಲಬುರಗಿಯನ್ನು ಶೇ 91.12ರ ದಕ್ಷಿಣ ಕನ್ನಡದೊಂದಿಗೆ ಹೋಲಿಸುವುದಕ್ಕಿಂತ, ಎಂಟನೇ ತರಗತಿಗೆ ಬಂದಾಗ ಆ ಮಕ್ಕಳು ಎಲ್ಲಿದ್ದರು, ಹತ್ತರಲ್ಲಿ ಎಲ್ಲಿಗೆ ಬಂದರು ಎಂದು ಹೇಳುವ ನಾಲ್ಕನೇ ಕಾಲಂ ಇದ್ದರೆ ಶಾಲೆಯ ಕೊಡುಗೆ ಗೊತ್ತಾಗುತ್ತದೆ. 2025–26ನೇ ಸಾಲಿನಿಂದ ಉತ್ತೀರ್ಣತೆಯ ಮಾನದಂಡವೂ ಬದಲಾಗಿದೆ: ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30, ಒಟ್ಟಾರೆ ಶೇ 33, ಅಂದರೆ 625ಕ್ಕೆ 206 ಅಂಕ. ಹಳೆಯ ಶೇ 35ರ ಲೆಕ್ಕದಲ್ಲಿ ಅದೇ ಉತ್ತರಪತ್ರಿಕೆಗಳಿಗೆ ಎಷ್ಟು ಫಲಿತಾಂಶ ಬರುತ್ತಿತ್ತು ಎಂಬುದನ್ನು ಮಂಡಳಿ ಹೊಸ ಅಂಕಿಯ ಜತೆಯಲ್ಲೇ ಪ್ರಕಟಿಸಬೇಕು. ಅಂಕಗಳೆಲ್ಲ ಗಣಕದಲ್ಲೇ ಇರುವುದರಿಂದ ಅದಕ್ಕೆ ಹೊಸದಾಗಿ ಏನನ್ನೂ ಸಂಗ್ರಹಿಸಬೇಕಿಲ್ಲ.